ಥರ್ಮಾಮೀಟರ್ ಕೆಟ್ಟಿಲ್ಲ, ಗೆರೆ ಮಲಗಿದೆ ಅಷ್ಟೇ

ಬೆಂಗಳೂರಿನಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಐಸ್ ಕಾಯಿಸುವ ಪ್ರಯೋಗ ಇದ್ದೇ ಇರುತ್ತದೆ. ಬೀಕರಿನಲ್ಲಿ 100 ಗ್ರಾಂ ಐಸ್ ಚೂರು, ಕೆಳಗೆ ಸ್ಪಿರಿಟ್ ದೀಪ, ಒಳಗೆ ಥರ್ಮಾಮೀಟರ್. ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಬೇಕು.

ಮೊದಲೆಲ್ಲ ಪಟ್ಟಿ ಬರೆಸಿ ಮುಗಿಸುತ್ತಿದ್ದೆ. 0, 0, 1, 0 ಅಂತ ಅಂಕಿ ಬರುತ್ತಲೇ ಇದ್ದರೆ "ಮಿಸ್, ಥರ್ಮಾಮೀಟರ್ ಕೆಟ್ಟೋಗಿದೆ" ಅನ್ನುತ್ತಿದ್ದರು. ನಾನು ಬೋರ್ಡಿನ ಮೇಲೆ 'ಗುಪ್ತೋಷ್ಣ' (ತಾಪ ಏರಿಸದೆ ಐಸ್ ಕರಗಿಸುವುದಕ್ಕೇ ಖರ್ಚಾಗುವ ಶಾಖ) ಅಂತ ಬರೆಯುತ್ತಿದ್ದೆ. ಅವರು ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಮುಗೀತು.

ಒಂದು ವರ್ಷ ಗ್ರಾಫ್ ಹಾಳೆ ಹಂಚಿದೆ. ಸಮಯ ಎಕ್ಸ್ ಅಕ್ಷಕ್ಕೆ, ತಾಪ ವೈ ಅಕ್ಷಕ್ಕೆ. ಒಂದು ಗುಂಪು ಇದನ್ನು ಅದಲುಬದಲು ಮಾಡಿತು. ಮಲಗಬೇಕಾದ ಗೆರೆ ಗೋಡೆಯ ಹಾಗೆ ಎದ್ದು ನಿಂತಿತು. ಅಳಿಸಿ ಅನ್ನಲಿಲ್ಲ. ಗಡಿಯಾರ ಯಾರಿಗೂ ಕಾಯುವುದಿಲ್ಲ, ತಾಪ ಅದರ ಜೊತೆ ಬದಲಾಗುತ್ತದೆ, ಅದಕ್ಕೇ ಸಮಯ ಕೆಳಗೆ ಅಂತ ಆ ಹಾಳೆ ತೋರಿಸಿಯೇ ಹೇಳಿದೆ.

ಇನ್ನೊಂದು ಗುಂಪಿನದು ಬೇರೆ ಕಥೆ. ಮಾತಿನಲ್ಲಿ ಮುಳುಗಿ 14, 15ನೇ ನಿಮಿಷ ಬಿಟ್ಟುಬಿಟ್ಟಿದ್ದರು. 13ರ ಪಕ್ಕದ ಮನೆಯಲ್ಲೇ 16 ಬರೆದರು. ಮೂರು ನಿಮಿಷದ ಏರಿಕೆ ಒಂದೇ ನಿಮಿಷದಲ್ಲಿ ಆದ ಹಾಗೆ ಗೆರೆ ಧಡಕ್ಕನೆ ಜಿಗಿಯಿತು. ಅಂಕಿ ಎಲ್ಲಾ ಸರಿ, ನಕ್ಷೆ ಮಾತ್ರ ಸುಳ್ಳು! ಓದಿದ ಅಂಕಿ ಇಲ್ಲದಿದ್ದರೂ ಆ ನಿಮಿಷಗಳ ಜಾಗ ಖಾಲಿ ಬಿಡಲೇಬೇಕು.

ಇನ್ನು ಗೆರೆಯ ಆಕಾರ. ಮೊದಲು ಮಲಗಿತು, ಆಮೇಲೆ ಏರಿತು, ಕುದಿಯುವಾಗ ಮತ್ತೆ ಮಲಗಿತು. ಮೊದಲು ಮಲಗಿದ ಹೊತ್ತನ್ನೂ ಏರಿದ ಹೊತ್ತನ್ನೂ ಮನೆ ಎಣಿಸಿ ಹೋಲಿಸಿದೆವು. ಏರಿದ್ದು ಸ್ವಲ್ಪ ಜಾಸ್ತಿ, ಆದರೆ ಭಾರೀ ವ್ಯತ್ಯಾಸ ಇಲ್ಲ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಬೇಕು, ಅಷ್ಟು ಶಾಖಕ್ಕೆ ಅದೇ ನೀರು 0ಯಿಂದ 80 ಡಿಗ್ರಿಗೆ ಏರುತ್ತದೆ. ಗುಪ್ತವಾಗಿದ್ದ ಉಷ್ಣ ಹಾಳೆಯ ಮೇಲೆ ಅಳತೆಗೇ ಸಿಕ್ಕಿತು ನೋಡಿ. ಐಸ್ ಕಲಕುತ್ತಾ ಇರಬೇಕು ಮಾತ್ರ, ಇಲ್ಲದಿದ್ದರೆ ಈ ಗೆರೆ ಓರೆಯಾಗುತ್ತದೆ.

ಎರಡನೇ ಸಲ ಗೆರೆ ಮಲಗಿದ್ದು 97ರ ಹತ್ತಿರ. ಮೂವರು ಅದನ್ನು ಅಳಿಸಿ 100 ಮಾಡಿದ್ದರು, ಪುಸ್ತಕದಲ್ಲಿ 100 ಇದೆಯಲ್ಲ! ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ತಾಪಕ್ಕೇ ಕುದಿಯುತ್ತದೆ ಅಂತ ಹೇಳಿ 97 ಅನ್ನೇ ವಾಪಸ್ ಬರೆಸಿದೆ.

ಈಗ 50 ಗ್ರಾಂ ಐಸಿನದೂ ಅದೇ ಹಾಳೆಯಲ್ಲಿ, ಅದೇ ಪ್ರಮಾಣದಲ್ಲಿ, ಬೇರೆ ಬಣ್ಣದಲ್ಲಿ ಎಳೆಸುತ್ತೇನೆ. ದೀಪದ ಬತ್ತಿ ಮಾತ್ರ ಮುಟ್ಟಬಾರದು. ಎರಡು ಗೆರೆಯೂ ಒಂದೇ ಎತ್ತರದಲ್ಲಿ ಮಲಗುತ್ತವೆ, ಚಿಕ್ಕದು ಹೆಚ್ಚುಕಡಿಮೆ ಅರ್ಧ ಹೊತ್ತಿಗೇ ಏಳುತ್ತದೆ. 200 ಗ್ರಾಂದು ಎಲ್ಲಿವರೆಗೆ ಮಲಗಬಹುದು ಅಂತ ಮಕ್ಕಳೇ ಪೆನ್ಸಿಲಿನಲ್ಲಿ ಗುರುತು ಹಾಕಿ ಕಾಯುತ್ತಾರೆ.