ಹುಳಕ್ಕೆ ನಾಲ್ಕನೇ ಜ್ವರ, ಊರಿಗೆ ಲಸಿಕೆ

2021ರ ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಕೋವಿಡ್ ಲಸಿಕೆ ಶುರುವಾಯಿತು. ಆಗ ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸಿಸ್ಟರ್. ಒಂದು ಹಳ್ಳಿಯ ಶಾಲೆ ಜಗಲಿಯಲ್ಲಿ ಟೇಬಲ್ ಹಾಕಿಕೊಂಡು ಕೂತೆ. ಮಧ್ಯಾಹ್ನವಾದರೂ ಬಂದವರು ನಾಲ್ಕೇ ಜನ. ಕೋವಿಶೀಲ್ಡ್ ಲಸಿಕೆಯ ಒಂದು ಸೀಸೆಯಲ್ಲಿ 10 ಡೋಸ್ ಇರುತ್ತಿತ್ತು, ತೆರೆದರೆ 4 ಗಂಟೆಯೊಳಗೆ ಮುಗಿಸಬೇಕಿತ್ತು. "ಇನ್ನೂ ಆರು ಜನ ಬರಲಿ" ಎಂದು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಆ ನಾಲ್ವರೂ ಎದ್ದು ಹೋದರು.

ಮೂಢನಂಬಿಕೆ, ವಾಟ್ಸಾಪ್ ಸುದ್ದಿ ಅಂತ ಬೈದುಕೊಂಡೆ. ವಾಟ್ಸಾಪ್ ಇದ್ದದ್ದೂ ನಿಜ. ಲಸಿಕೆ ಹಾಕಿಸಿಕೊಂಡ ಎರಡೇ ದಿನಕ್ಕೆ ತಮಿಳು ನಟ ವಿವೇಕ್ ತೀರಿಕೊಂಡಾಗ ಆ ಸುದ್ದಿ ನಮ್ಮ ಊರಿಗೂ ಬಂತು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂದು ತಜ್ಞರ ಸಮಿತಿ ಹೇಳುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಊರಿನ ಆಶಾ ಕಾರ್ಯಕರ್ತೆ ಜೊತೆ ಮನೆಮನೆಗೆ ಹೊರಟೆ. ಒಬ್ಬ ಅಜ್ಜಿ ರೇಷ್ಮೆ ಹುಳದ ಮನೆ ಬಾಗಿಲಲ್ಲೇ ತಡೆದರು.

"ಒಳಗೆ ಬರಬೇಡಮ್ಮ, ಹುಳ ನಾಲ್ಕನೇ ಜ್ವರ ಎದ್ದಿದೆ. ಸೂಜಿ ಹಾಕಿಸ್ಕೊಂಡು ನಾನು ಎರಡು ದಿನ ಮಲಗಿದ್ರೆ ಸೊಪ್ಪು ಯಾರು ಹಾಕ್ತಾರೆ? ನೀನು ಹಾಕ್ತೀಯಾ?"

ರೇಷ್ಮೆ ಸಾಕದವರಿಗೆ ಇದು ಅರ್ಥವಾಗುವುದು ಕಷ್ಟ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳಕ್ಕೆ ಹಸಿವೋ ಹಸಿವು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆಗಲೇ ತಿನ್ನುತ್ತದೆ. ರಾತ್ರಿ ಕೂಡ ಎದ್ದು ಸೊಪ್ಪು ಹಾಕಬೇಕು. ಗೂಡು ಕಟ್ಟಲು ಹುಳವನ್ನು ಚಂದ್ರಿಕೆ ಎಂಬ ತಟ್ಟೆಗೆ ಬಿಡುವವರೆಗೆ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ. ಒಂದು ಬೆಳೆ ಹೋದರೆ ಬ್ಯಾಂಕಿನ ಕಂತು, ಮಕ್ಕಳ ಫೀಸು ಎಲ್ಲ ಹೋಯಿತು.

ನಾನು ಜಾಣತನ ತೋರಿಸಲು ಹೋದೆ. "ಹುಳಕ್ಕೂ ಜ್ವರ ಬಂದೇ ಅಲ್ವಾ ಅಜ್ಜಿ ಬಲಿಯೋದು?" ಅಂದೆ. "ಜ್ವರದಲ್ಲಿ ಸಾಯೋ ಹುಳಾನೂ ಇರ್ತವೆ" ಅಂದರು. ಬಾಯಿ ಮುಚ್ಚಿಕೊಂಡೆ.

ಆಮೇಲೆ ಕೆಲಸ ಮಾಡಿದ್ದು ಆಶಾ ಅವರ ನೋಟ್‌ಬುಕ್. ಯಾರ ಮನೆಗೆ ಯಾವತ್ತು ಚಾಕಿ, ಅಂದರೆ ಮರಿಹುಳ, ಬಂತು, ಯಾರು ಯಾವತ್ತು ಗೂಡು ಬಿಡಿಸುತ್ತಾರೆ, ಎಲ್ಲ ಬರೆದುಕೊಂಡರು. ಗೂಡು ಮಾರಿ, ಹುಳದ ಮನೆ ತೊಳೆದು ಬ್ಲೀಚಿಂಗ್ ಹೊಡೆಯುವ ದಿನಗಳಲ್ಲಿ ಆಯಾ ಮನೆಯವರನ್ನು ಕರೆದೆವು. ಗಂಡ ಹೆಂಡತಿಗೆ ಒಂದೇ ದಿನ ಹಾಕಲಿಲ್ಲ, ಒಬ್ಬರಾದರೂ ಓಡಾಡಿಕೊಂಡಿರಲಿ ಅಂತ. ಜ್ವರ ಬರಬಹುದು ಎಂದು ಮೊದಲೇ ಹೇಳಿ ಮಾತ್ರೆ ಕೊಟ್ಟೆವು. ಅದಕ್ಕೆ ಮುಂಚೆ ಯಾರೋ ದೊಡ್ಡವರು ಬಂದು ರೇಷನ್ ನಿಲ್ಲಿಸ್ತೀವಿ ಎಂದು ಹೆದರಿಸಿ ಹೋಗಿದ್ದರು. ಆ ವಾರ ಒಬ್ಬರೂ ಬರಲಿಲ್ಲ. ನಮ್ಮನ್ನು ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೇ ತಿಂಗಳಲ್ಲಿ ಸುತ್ತಮುತ್ತ ಸಾವು ಜಾಸ್ತಿಯಾಯಿತು. ಆಗ ಕೇಳಿಕೊಂಡು ಬಂದರು, ನಮ್ಮಲ್ಲಿ ಸ್ಟಾಕ್ ಇರಲಿಲ್ಲ. ಎರಡನೇ ಡೋಸಿನ ಅಂತರ 6-8 ವಾರದಿಂದ 12-16 ವಾರಕ್ಕೆ ಹೋಗಿದ್ದೂ ಅದೇ ತಿಂಗಳು. "ನಿಮಗೇ ಸರಿಯಾಗಿ ಗೊತ್ತಿಲ್ವಾ ಸಿಸ್ಟರ್?" ಎಂದು ಕೇಳಿದರೆ ಏನು ಹೇಳುವುದು?

ಅಜ್ಜಿ ಗೂಡು ಮಾರಿದ ಮೂರನೇ ದಿನಕ್ಕೆ ತಾವೇ ಬಂದಿದ್ದರು. ತೋಳು ಒಡ್ಡಿಕೊಂಡು ಕೂತರು.

"ಬೇಗ ಹಾಕಮ್ಮ. ಸೋಮವಾರ ಚಾಕಿ ಬರುತ್ತೆ."