ಬಾತ್ಮೀದಾರನ ಪಾತ್ರ ಬರೆಯುವುದು ಹೇಗೆ?

ಕ್ರೈಂ ಸ್ಕ್ರಿಪ್ಟ್‌ಗಳಲ್ಲಿ ಒಂದು ತೊಂದರೆ ಜಾಸ್ತಿ ಕಾಣುತ್ತದೆ. ಗ್ಯಾಂಗಿನವನೊಬ್ಬ ಕ್ಲೈಮ್ಯಾಕ್ಸ್‌ನಲ್ಲಿ ದಿಢೀರ್ ಅಂತ ಪೊಲೀಸರ ಕಡೆ ವಾಲುತ್ತಾನೆ. ನೋಡುವವರಿಗೆ ಶಾಕ್ ಆಗುತ್ತದೆ, ನೋವಾಗುವುದಿಲ್ಲ. ನೋವಾಗಬೇಕಾದರೆ ಮೊದಲು ನಿಯತ್ತನ್ನು ಬರೆಯಿರಿ.

ಇದನ್ನು ಕಲಿಯಲು ಮಾರ್ಟಿನ್ ಸ್ಕಾರ್ಸೆಸಿಯ 'ಗುಡ್‌ಫೆಲ್ಲಾಸ್' (1990) ನೋಡಿ. ನ್ಯೂಯಾರ್ಕಿನ ಹೆನ್ರಿ ಹಿಲ್‌ನ ನಿಜಕಥೆ ಅದು. 1980ರಲ್ಲಿ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದ ಮೇಲೆ ಅವನು ಸರ್ಕಾರಿ ಸಾಕ್ಷಿಯಾದ. ಸಿನಿಮಾದಲ್ಲಿ ಹುಡುಗ ಹೆನ್ರಿ ಕಳ್ಳ ಸಿಗರೇಟ್ ಮಾರಿ ಕೋರ್ಟ್ ಮೆಟ್ಟಿಲು ಹತ್ತುತ್ತಾನೆ, ಯಾರ ಹೆಸರನ್ನೂ ಬಾಯಿಬಿಡುವುದಿಲ್ಲ. ಬೈಗುಳ ಬೀಳುತ್ತದೆ ಅಂದುಕೊಂಡು ಹೊರಗೆ ಬಂದರೆ ಗ್ಯಾಂಗಿನ ಹಿರಿಯ ಜಿಮ್ಮಿ ಅವನ ಜೇಬಿಗೆ ದುಡ್ಡು ಇಡುತ್ತಾನೆ, ಇಡೀ ಗ್ಯಾಂಗ್ ಕೇಕೆ ಹಾಕಿ ತಬ್ಬಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಹುಡುಗನಿಗೆ ಒಂದು ಮನೆ ಸಿಕ್ಕಿತು. ನಿಮ್ಮ ಕಥೆಯಲ್ಲೂ ಇಂಥದ್ದೊಂದು ಸೀನ್ ಬೇಕೇ ಬೇಕು.

ಆಮೇಲೆ ಆ ಮನೆಯನ್ನು ಸ್ವಲ್ಪಸ್ವಲ್ಪವೇ ಕೆಡವಿ. 1978ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಈ ಗ್ಯಾಂಗ್ ಮಾಡಿದ ಲುಫ್ತಾನ್ಸಾ (ಜರ್ಮನಿಯ ವಿಮಾನ ಕಂಪನಿ) ದರೋಡೆಯಲ್ಲಿ ಸುಮಾರು 50 ಲಕ್ಷ ಡಾಲರ್ ನಗದು ಹೋಯಿತು. ಸಿನಿಮಾದ ಜಿಮ್ಮಿ ಪಾಲು ಕೊಡುವ ಬದಲು ಜೊತೆಗಾರರನ್ನೇ ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಹೆನ್ರಿ ಇದನ್ನೆಲ್ಲ ನೋಡುತ್ತಿದ್ದಾನೆ, ಅಲ್ವಾ? ಹೆನ್ರಿ ಅರೆಸ್ಟ್ ಆದ ಮೇಲೆ ಗ್ಯಾಂಗಿನ ಬಾಸ್ ಪಾಲಿ 3,200 ಡಾಲರ್ ಕೈಗಿಟ್ಟು ಬೆನ್ನು ತಿರುಗಿಸುತ್ತಾನೆ. ಅಷ್ಟು ವರ್ಷದ ಸಂಬಂಧಕ್ಕೆ ಅಷ್ಟೇ ಲೆಕ್ಕ.

ನಿಜವಾದ ತಿರುವು ಬರುವುದು ಹೋಟೆಲಿನಲ್ಲಿ. ಕಿಟಕಿ ಪಕ್ಕ ಕೂತ ಜಿಮ್ಮಿ ಮೆತ್ತಗೆ, ಫ್ಲೋರಿಡಾಕ್ಕೆ ಹೋಗಿ ಒಬ್ಬನನ್ನು ಮುಗಿಸಿ ಬಾ ಅನ್ನುತ್ತಾನೆ. ಇಂಥ ಕೆಲಸವನ್ನು ಅವನು ಹೆನ್ರಿಗೆ ಯಾವತ್ತೂ ಹೇಳಿರಲಿಲ್ಲ. ಹೋದರೆ ತಾನು ವಾಪಸ್ ಬರುವುದಿಲ್ಲ ಅಂತ ಹೆನ್ರಿಗೆ ಅಲ್ಲೇ ಗೊತ್ತಾಗುತ್ತದೆ. ಕೂಗಾಟ ಇಲ್ಲ, ಬಂದೂಕು ಇಲ್ಲ. ಉಂಡ ಮನೆಗೆ ಎರಡು ಬಗೆದವನು ಹೆನ್ರಿ ಒಬ್ಬನೇ ಅಲ್ಲ ಅಂತ ನಮಗೂ ಅರ್ಥವಾಗುತ್ತದೆ. ಹಾಗಾಗಿ ದ್ರೋಹವನ್ನು ಎರಡೂ ಕಡೆಯಿಂದ ಬರೆಯಿರಿ, ಬೆದರಿಕೆಯನ್ನು ಪ್ರೀತಿಯ ದನಿಯಲ್ಲೇ ಹೇಳಿಸಿ.

ಪೊಲೀಸ್ ಕಡೆಯವರನ್ನು ದೇವರು ಮಾಡಬೇಡಿ. ಅವರಿಗೆ ಸಾಕ್ಷಿ ಬೇಕು, ಇವನಿಗೆ ಜೀವ ಬೇಕು, ವ್ಯವಹಾರ ಅಷ್ಟೇ. ಈ ಸಿನಿಮಾದಲ್ಲಿ ಪ್ರಾಸಿಕ್ಯೂಟರ್ ಎಡ್ವರ್ಡ್ ಮೆಕ್‌ಡೊನಾಲ್ಡ್ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಅವರು ಎಷ್ಟು ನಿರ್ಲಿಪ್ತವಾಗಿ ಮಾತಾಡುತ್ತಾರೆ ಗಮನಿಸಿ.

ಕೊನೆಗೆ ಕೋರ್ಟ್ ಸೀನ್. ಅಲ್ಲಿ ಹೆನ್ರಿ ಜಿಮ್ಮಿ ಮತ್ತು ಪಾಲಿಯನ್ನು ಬೆರಳು ಮಾಡಿ ತೋರಿಸುತ್ತಾನೆ. ನಿಮ್ಮ ಬಾತ್ಮೀದಾರ ಅಲ್ಲಿ ಕಾರಣ ವಿವರಿಸುತ್ತಾ ಭಾಷಣ ಮಾಡುತ್ತಿದ್ದರೆ ಅದನ್ನು ಹೊಡೆದುಹಾಕಿ, ಹಿಂದಿನ ಸೀನ್‌ಗಳಿಗೆ ಹೋಗಿ ಆ ಕಾರಣ ಅಲ್ಲಿ ಕಾಣುತ್ತಿದೆಯಾ ಅಂತ ಹುಡುಕಿ.