‘ಇಲ್ಲಿ ಒತ್ತಿ’ ಅಂದರೆ ಎಲ್ಲಿ ಒತ್ತಲಿ?

ನಮ್ಮ ಹವ್ಯಾಸಿ ನಾಟಕ ತಂಡಕ್ಕೆ ಟಿಕೆಟ್ ಬುಕ್ ಮಾಡುವ ವೆಬ್ ಪುಟ ಮಾಡಿಕೊಟ್ಟವನು ನಾನೇ. ಹೆಸರು, ಎಷ್ಟು ಸೀಟು ಅಂತ ತುಂಬಿದರೆ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಒಂದು ಇಮೇಲ್ ಕಳಿಸುತ್ತದೆ. ನಾಟಕದ ಹಿಂದಿನ ದಿನ ನಮ್ಮ ಹೈಸ್ಕೂಲ್ ಮೇಷ್ಟ್ರು ಫೋನ್ ಮಾಡಿದರು. "ಏನಯ್ಯಾ, ಟಿಕೆಟ್ ನೋಡಲು ಇಲ್ಲಿ ಒತ್ತಿ ಅಂತ ಬರೆದಿದ್ದೀಯ. ಎಲ್ಲಿ ಒತ್ತಲಿ?"

ಅವರು ಮೇಲ್ ಓದುವುದು ಥಂಡರ್‌ಬರ್ಡ್ ಅನ್ನುವ ಪ್ರೋಗ್ರಾಂನಲ್ಲಿ. ಬಣ್ಣ, ಚಿತ್ರ ಯಾವುದೂ ಬೇಡ, ಬರೀ ಅಕ್ಷರ ಸಾಕು ಅಂತ ಸೆಟ್ಟಿಂಗ್ ಇಟ್ಟುಕೊಂಡಿದ್ದಾರೆ. ನಾನು ಕಳಿಸಿದ ಮೇಲ್‌ನಲ್ಲಿ ಎರಡು ರೂಪ ಇದ್ದವು. ಒಂದು ಚೆಂದದ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ, ಅಂದಚೆಂದ, ಲಿಂಕು ಎಲ್ಲವನ್ನೂ ಟ್ಯಾಗ್ ಅನ್ನುವ ಗುರುತುಗಳಲ್ಲಿ ಹೇಳುತ್ತದೆ), ಇನ್ನೊಂದು ಸಾದಾ ಪಠ್ಯ. ಎಚ್‌ಟಿಎಂಎಲ್‌ಗೆ ಮೂರು ದಿನ ಕೂತಿದ್ದೆ. ಸಾದಾ ಪಠ್ಯಕ್ಕೆ ಒಂದೇ ಸಾಲು: ಪಿಎಚ್‌ಪಿಯ ಸ್ಟ್ರಿಪ್ ಟ್ಯಾಗ್ಸ್. ಅದು ಟ್ಯಾಗ್‌ಗಳನ್ನೆಲ್ಲ ಕಿತ್ತು ಹಾಕುತ್ತದೆ. ಲಿಂಕಿನ ವಿಳಾಸ ಇರುವುದೇ ಟ್ಯಾಗ್ ಒಳಗೆ, ಅದೂ ಹೋಯಿತು. ಉಳಿದದ್ದು ‘ಇಲ್ಲಿ ಒತ್ತಿ’ ಮಾತ್ರ. ಸ್ಟೈಲ್ ಟ್ಯಾಗ್ ಹೋದರೂ ಅದರ ಒಳಗಿನ ಸಿಎಸ್‌ಎಸ್ (ಬಣ್ಣ, ಅಳತೆ ಹೇಳುವ ಸಾಲುಗಳು) ಹೋಗಲಿಲ್ಲ. ಹಾಗಾಗಿ ಮೇಷ್ಟ್ರಿಗೆ ನಮಸ್ಕಾರಕ್ಕಿಂತ ಮೊದಲು ಫಾಂಟಿನ ಅಳತೆ, ಬಣ್ಣದ ಸಂಖ್ಯೆ ಎಲ್ಲ ಕಂಡಿದ್ದವು! ಪಾಪ, ಅದನ್ನು ಅವರು ಹೇಳಲೇ ಇಲ್ಲ.

ಅವತ್ತು ರಾತ್ರಿ ಕೂತು ಕ್ರಮವನ್ನೇ ತಿರುಗಿಸಿದೆ. ಮೊದಲು ಸಾದಾ ಪಠ್ಯವನ್ನು ಕಾಗದ ಬರೆದ ಹಾಗೆ ಬರೆದೆ. ಯಾವ ನಾಟಕ, ಯಾವ ದಿನ, ಎಷ್ಟು ಗಂಟೆ, ಯಾವ ಸೀಟು. ಲಿಂಕಿನ ವಿಳಾಸಕ್ಕೆ ಅದರದ್ದೇ ಒಂದು ಸಾಲು, ಹಿಂದೆ ಮುಂದೆ ಚುಕ್ಕಿ ಗಿಕ್ಕಿ ಇಲ್ಲ. ಚುಕ್ಕಿ ಅಂಟಿಕೊಂಡರೆ ಕೆಲವು ಕಡೆ ಅದೂ ವಿಳಾಸದ ಭಾಗವಾಗಿಬಿಡುತ್ತದೆ. ಆಮೇಲೆ ಇದಕ್ಕೇ ಬಟ್ಟೆ ತೊಡಿಸಿ ಎಚ್‌ಟಿಎಂಎಲ್ ಮಾಡಿದೆ. ಬರೆಯುವಾಗ ಗೊತ್ತಾಯಿತು, ಹಳೆಯ ಎಚ್‌ಟಿಎಂಎಲ್‌ನಲ್ಲಿ ಸೀಟಿನ ಸಂಖ್ಯೆಯೇ ಇರಲಿಲ್ಲ. ಬಣ್ಣದ ಗದ್ದಲದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡನ್ನೂ ಒಂದೇ ಮೇಲ್‌ನಲ್ಲಿ ಕಟ್ಟುವ ವಿಧಾನಕ್ಕೆ ಮಲ್ಟಿಪಾರ್ಟ್ ಆಲ್ಟರ್ನೇಟಿವ್ ಅಂತ ಹೆಸರು. ಮೇಲ್‌ನಲ್ಲಿ ಬೇರೆ ಬೇರೆ ಥರದ ಭಾಗ ಹೇಗೆ ಕಳಿಸಬೇಕು ಅಂತ ಹೇಳುವ 1990ರ ದಶಕದ ಮೈಮ್ ನಿಯಮಗಳಿಂದ ಬಂದದ್ದು. ಭಾಗಗಳ ನಡುವೆ ಬೌಂಡರಿ ಅನ್ನುವ ಗುರುತಿನ ಸಾಲು ಇರುತ್ತದೆ, ಒಂಥರಾ ಗದ್ದೆಯ ಬದುವಿನ ಹಾಗೆ. ಶುರುವಿನಲ್ಲಿ ಇದನ್ನೆಲ್ಲ ಕೈಯಾರೆ ಬರೆದು ಪಿಎಚ್‌ಪಿಯ ಮೇಲ್ ಫಂಕ್ಷನ್‌ಗೆ ಕೊಡುತ್ತಿದ್ದೆ. ಒಳ್ಳೆಯದು ಮೊದಲು ಇರಲಿ ಅಂತ ಎಚ್‌ಟಿಎಂಎಲ್ ಅನ್ನು ಮೇಲೆ ಇಟ್ಟೆ. ಜಿಮೇಲ್ ತೆರೆದರೆ ಬರೀ ಸಾದಾ ಪಠ್ಯ! ನಿಯಮ ಉಲ್ಟಾ ಇದೆ. ಸರಳವಾದದ್ದು ಮೊದಲು, ಶ್ರೀಮಂತವಾದದ್ದು ಕೊನೆಗೆ. ಓದುವ ಪ್ರೋಗ್ರಾಂ ತನಗೆ ತೋರಿಸಲು ಆಗುವುದರಲ್ಲಿ ಕೊನೆಯದನ್ನು ಆರಿಸಿಕೊಳ್ಳುತ್ತದೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಗಿತ್ತು.

ಈಗ ಪಿಎಚ್‌ಪಿಮೇಲರ್ ಅನ್ನುವ ಸಿದ್ಧ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಬಳಸುತ್ತೇನೆ. ಅದರಲ್ಲಿ ಬಾಡಿ ಅನ್ನುವಲ್ಲಿ ಎಚ್‌ಟಿಎಂಎಲ್, ಆಲ್ಟ್‌ಬಾಡಿ ಅನ್ನುವಲ್ಲಿ ಸಾದಾ ಪಠ್ಯ ಕೊಟ್ಟರೆ ಕ್ರಮ, ಬೌಂಡರಿ ಎಲ್ಲ ಅದೇ ನೋಡಿಕೊಳ್ಳುತ್ತದೆ. ಆದರೆ ಕನ್ನಡದವರಿಗೆ ಅಲ್ಲೊಂದು ಗುಂಡಿ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯಲು ಅದು ತಾನಾಗಿ ಹಿಡಿಯುವ ಪದ್ಧತಿ ಐಎಸ್‌ಒ 8859-1, ಅದರಲ್ಲಿ ಕನ್ನಡ ಇಲ್ಲ. ಯುಟಿಎಫ್-8 ಅಂತ ನಾವೇ ಹೇಳಬೇಕು. ಹೇಳದಿದ್ದರೆ ‘ನಮಸ್ಕಾರ’ ಹೋಗಿ ಗೀಚುಗೀಚು ಬರುತ್ತದೆ.

ಇನ್ನೊಂದು ವಿಷಯ ಲೆಕ್ಕ ಹಾಕಿದಾಗಲೇ ಹೊಳೆದದ್ದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ವ್ಯಂಜನ, ವಿರಾಮ, ಸ್ವರದ ಗುರುತು ಎಲ್ಲ ಬೇರೆ ಬೇರೆ ಸಂಕೇತ) 3 ಬೈಟ್ ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ 6 ಸಂಕೇತ, 18 ಬೈಟ್. ಮೇಲ್‌ನಲ್ಲಿ ಇಂಥ ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳಾಗಿ ಬದಲಾಯಿಸಿ ಕಳಿಸುವ ಎರಡು ರೀತಿ ಇವೆ. ಕೋಟೆಡ್ ಪ್ರಿಂಟಬಲ್ ರೀತಿಯಲ್ಲಿ ಕಳಿಸಿದರೆ ಒಂದು ಬೈಟ್‌ಗೆ 3 ಅಕ್ಷರ, ಅಂದರೆ ಒಟ್ಟು 54. ಇನ್ನೊಂದು ರೀತಿಯಾದ ಬೇಸ್64ರಲ್ಲಿ 24 ಸಾಕು. ಇಂಗ್ಲಿಷ್ ಮೇಲ್‌ಗೆ ಕೋಟೆಡ್ ಪ್ರಿಂಟಬಲ್ ಸರಿ, ನಮಗೆ ಬೇಸ್64 ವಾಸಿ. ವಿಷಯದ ಸಾಲಿನಲ್ಲೂ ಹುಷಾರಾಗಿರಬೇಕು. ಅಲ್ಲಿ ಕನ್ನಡವನ್ನು ಹೀಗೆ ಬದಲಾಯಿಸಿದ ಮೇಲೆ 75 ಅಕ್ಷರ ಮೀರದ ತುಂಡುಗಳಾಗಿ ಕಳಿಸಬೇಕು. ನಾನೇ ಬೈಟ್ ಎಣಿಸಿ ಕತ್ತರಿಸಲು ಹೋಗಿ ಒಂದು ಸಂಕೇತದ ನಡುವೆಯೇ ಕತ್ತರಿ ಹಾಕಿದ್ದೆ. ‘ಟಿಕೆಟ್’ ಅನ್ನುವಲ್ಲಿ ಪ್ರಶ್ನೆ ಚಿಹ್ನೆಯ ಚೌಕ ಬಂತು. ಇದನ್ನೂ ಲೈಬ್ರರಿಗೇ ಬಿಟ್ಟುಬಿಡಿ.

ಎಚ್‌ಟಿಎಂಎಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಂಡೋಸ್‌ನ ಹಳೆಯ (ಕ್ಲಾಸಿಕ್) ಔಟ್‌ಲುಕ್ 2007ರಿಂದ ಮೇಲ್ ತೋರಿಸಲು ವರ್ಡ್‌ನ ಎಂಜಿನ್ ಬಳಸುತ್ತಾ ಬಂದದ್ದರಿಂದ ಹಳೇ ಕಾಲದ ಟೇಬಲ್, ಟ್ಯಾಗಿನಲ್ಲೇ ಬರೆದ ಸ್ಟೈಲ್ ಇವೇ ನಂಬಿಕೆಗೆ ಅರ್ಹ. ವೆಬ್ ಪುಟದ ಜಾಣತನ ಇಲ್ಲಿ ನಡೆಯುವುದಿಲ್ಲ.

ಆದರೆ ಜನ ತುಂಬಿದ ಹೆಸರನ್ನು ಎರಡೂ ರೂಪಕ್ಕೆ ಒಂದೇ ಥರ ಹಾಕಬಾರದು. ಒಬ್ಬರು ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆದು ನಡುವೆ ‘&’ ಹಾಕಿದ್ದರು. ಎಚ್‌ಟಿಎಂಎಲ್‌ಗೆ ಹೋಗುವ ಹೆಸರಿನಲ್ಲಿ ಇಂಥ ಚಿಹ್ನೆಗಳನ್ನು ಸುರಕ್ಷತೆಗೆಂದು ಬದಲಾಯಿಸಲೇಬೇಕು (‘&’ ಹೋಗಿ ‘&’ ಆಗುತ್ತದೆ), ಇಲ್ಲದಿದ್ದರೆ ಯಾರು ಬೇಕಾದರೂ ಟ್ಯಾಗ್ ತುರುಕಬಹುದು. ನಾನು ಬದಲಾಯಿಸಿದ್ದನ್ನೇ ಸಾದಾ ಪಠ್ಯಕ್ಕೂ ಕೊಟ್ಟಿದ್ದೆ. ಅಲ್ಲಿ ದಂಪತಿಗಳ ನಡುವೆ ‘ಆಂಪ್’ ಅನ್ನುವ ಮೂರನೆಯವರು ಬಂದು ಕೂತಿದ್ದರು.

ಈಗ ಹೊಸ ಮೇಲ್ ಮಾಡಿದಾಗೆಲ್ಲ ಮೊದಲು ನನಗೇ ಕಳಿಸಿಕೊಂಡು, ಜಿಮೇಲ್‌ನಲ್ಲಿ ಮೂಲ ರೂಪ ತೆರೆದು ಎರಡೂ ಭಾಗ ಇವೆಯಾ ನೋಡುತ್ತೇನೆ. ಆಮೇಲೆ ಥಂಡರ್‌ಬರ್ಡ್‌ನಲ್ಲಿ ಮೇಷ್ಟ್ರ ಸೆಟ್ಟಿಂಗ್ ಹಾಕಿಕೊಂಡು ಓದುತ್ತೇನೆ. ಮುಂದಿನ ನಾಟಕಕ್ಕೆ ಟಿಕೆಟ್ಟನ್ನು ಪಿಡಿಎಫ್ ಆಗಿ ಲಗತ್ತಿಸುವ ಯೋಚನೆ ಇದೆ. ಆಗ ಹೊರಗೆ ಮಲ್ಟಿಪಾರ್ಟ್ ಮಿಕ್ಸ್ಡ್ (ಲಗತ್ತು ಇರುವ ಮೇಲ್ ಕಟ್ಟುವ ವಿಧಾನ), ಅದರೊಳಗೆ ಈ ಜೋಡಿ. ಪಿಡಿಎಫ್ ಬಂದರೂ ಸೀಟಿನ ಸಂಖ್ಯೆ ಸಾದಾ ಪಠ್ಯದಲ್ಲಿ ಇದ್ದೇ ಇರುತ್ತದೆ.